ನೀರಿನ ಕ್ಯಾನು ಕೂತಿದ್ದ ಸೀಟು

"ಮುಂದಿನ ಸೀಟು ಕೊಡಲ್ಲ ಮೇಡಂ. ಅಲ್ಲಿ ಕೂರೋರಿದ್ದಾರೆ."

"ಯಾರು?"

"ನೀರಿನ ಕ್ಯಾನು."

ಟ್ರಾವೆಲ್ಸ್ ಆಫೀಸಿನ ಬುಕಿಂಗ್ ಮೇಡಂಗೆ ಬೆಳಬೆಳಗ್ಗೆಯೇ ತಲೆ ಸಿಡಿಯುತ್ತಿತ್ತು. ರಜೆಯ ಸೀಸನ್ನಿನ ಕೊನೆಯ ಟ್ರಿಪ್ಪು ಇದು. ಒಂದೇ ಕುಟುಂಬ, ಕೆರೆ ದಂಡೆಯ ಪಾರ್ಕು, ಸಂಜೆಗೆ ವಾಪಸ್. ಅಷ್ಟರಲ್ಲಿ ಆ ಮನೆಯ ಮಕ್ಕಳ ಸೋದರಮಾವ ತಾನೂ ಬರುತ್ತೇನೆಂದು ಹಟ ಹಿಡಿದಿದ್ದ. ಡ್ರೈವರ್ ಪಕ್ಕದ ಸೀಟು ಕೊಡುತ್ತೇನೆಂದು ಇವಳು ಫೋನಿನಲ್ಲಿ ಒಪ್ಪಿಕೊಂಡೂ ಆಗಿತ್ತು.

"ಡ್ರೈವರ್ ಸಾಹೇಬ್ರೇ, ಸೀಸನ್ ಪೂರ್ತಿ ಆ ಕ್ಯಾನಿಗೆ ಕಿಟಕಿ ಸೀಟು ಕೊಟ್ಟು ಮೆರೆಸಿದ್ದು ಸಾಕು. ಅದೇನು ನಿಮ್ಮ ಮಾವನ ಮಗಳಾ?"

ಅವನು ಮಾಲೀಕರಂತೆ ಒಣಕೆಮ್ಮು ಕೆಮ್ಮಿ, ಮೂಗಿನಲ್ಲೇ ಅಂದ: "ಬಿಸಿನೆಸ್ಸಲ್ಲಿ ಸಂಬಂಧ ಎಲ್ಲಾ ನೋಡ್ಬಾರ್ದಮ್ಮಾ."

ಆಫೀಸಿನವರು ಅವನನ್ನು ಗಿಳಿ ಎನ್ನುತ್ತಿದ್ದುದು ಇದಕ್ಕೇ. ಊರಿನವರೆಲ್ಲರ ದನಿ ಅವನ ಗಂಟಲಲ್ಲಿತ್ತು, ಅವನದೊಂದನ್ನು ಬಿಟ್ಟು.

ನಾಳೆಯಿಂದ ಅವಳು ಇಲ್ಲಿಗೆ ಬರುವುದಿಲ್ಲ. ಅಕ್ಕನ ಊರಿನಲ್ಲಿ ಬೇರೆ ಕೆಲಸ ಸಿಕ್ಕಿದೆ. ಆ ಸುದ್ದಿ ಹೇಳಿದ ದಿನ ಗಿಳಿ ಯಾರದೋ ಅಜ್ಜಿಯ ದನಿಯಲ್ಲಿ, "ಹೋಗ್ಬಾ ಮಗಳೇ, ಸ್ವೆಟರ್ ಮರೀಬೇಡ" ಎಂದು ಎಲ್ಲರನ್ನೂ ನಗಿಸಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಿದ್ದಳು.

ಸಾಕಾಗಿತ್ತು ಅವಳಿಗೆ. ವರ್ಷವಿಡೀ ಮಂದಿಯನ್ನು ಊರು ಸುತ್ತಿಸಿದ್ದೇ ಬಂತು. ಪ್ರವಾಸವೆಲ್ಲ ಅವರದು, ಪ್ರಯಾಸ ಮಾತ್ರ ಇವಳದು.

"ನೀವು ಎತ್ತದಿದ್ರೆ ನಾನೇ ಎತ್ತುತ್ತೀನಿ" ಎಂದು ವ್ಯಾನಿನ ಬಾಗಿಲು ತೆರೆದು ಕ್ಯಾನನ್ನು ಎಳೆದಳು.

ಅದರ ಹಿಂದೆ ಪುಟ್ಟ ದಿಂಬೊಂದಿತ್ತು. ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ನುಣ್ಣಗೆ ಉಜ್ಜಿದ ಮರದ ಮಣೆ.

ಅವಳು ಹಾಗೇ ನಿಂತಳು. ಯಾವ ಕುರ್ಚಿಯಲ್ಲಿ ಕೂತರೂ ಅವಳ ಕಾಲು ನೆಲಕ್ಕೆ ಎಟುಕುವುದಿಲ್ಲ. ಆಫೀಸಿನ ಮೇಜಿನಡಿ ರಟ್ಟಿನ ಡಬ್ಬವೊಂದನ್ನು ಬೋರಲು ಹಾಕಿ ಪಾದ ಇಟ್ಟುಕೊಳ್ಳುತ್ತಾಳೆ. ಅದು ಯಾರ ಕಣ್ಣಿಗೂ ಬಿದ್ದಿಲ್ಲವೆಂದೇ ಅವಳ ನಂಬಿಕೆ.

"ಇದ್ಯಾರಿಗೆ?"

"ಕ್ಯಾನಿಗೆ."

"ಕ್ಯಾನಿಗೆ ಕಾಲಿದ್ಯಾ?"

ಗಿಳಿ ಬಾಯಿ ತೆರೆದ. ಮಾಲೀಕರ ಕೆಮ್ಮು ಅರ್ಧ ಬಂತು.

"ಬೇರೆಯವರ ದನಿ ಬೇಡ" ಎಂದಳು ಮೆಲ್ಲಗೆ. "ಸುಸ್ತಾಗಿದೆ ನಂಗೆ."

ಅವನು ಸ್ಟೀರಿಂಗ್ ನೋಡುತ್ತ ಮಾತಾಡಿದ. ದನಿ ಸಣ್ಣಗಿತ್ತು, ಒಂದಿಷ್ಟು ಒಡಕು. "ಎಲ್ಲರನ್ನೂ ಹತ್ತಿಸಿ, ಬಾಗಿಲು ಹಾಕಿ, ಆ ಕಂಬಕ್ಕೆ ಒರಗಿ ನಿಲ್ತೀರ. ತಿರುವು ಬರೋ ತನಕ ಕನ್ನಡೀಲಿ ನಿಮ್ಮನ್ನೇ ನೋಡ್ತಾ ಹೋಗ್ತೀನಿ. ಒಂದ್ಸಲನಾದ್ರೂ ಕೂರಿಸ್ಕೊಂಡು ಹೋಗ್ಬೇಕು ಅನ್ಸುತ್ತೆ. ನೀವಂದ್ರೆ... ನಂಗೆ ತುಂಬಾ ಇಷ್ಟ."

"ಯಾರ ದನಿ ಇದು?"

"ನಂದೇ. ಜಾಸ್ತಿ ಓಡ್ಸಿಲ್ಲ. ಸ್ಟಾರ್ಟ್ ಆಗೋಕೆ ಸ್ವಲ್ಪ ಕಷ್ಟ."

ನಗು ಬಂತು ಅವಳಿಗೆ, ಜೊತೆಗೆ ಕಣ್ಣೂ ತುಂಬಿತು. "ಇಷ್ಟು ದಿನ ಹೇಳೋಕೇನಾಗಿತ್ತು?"

"ನೀವು ಯಾವತ್ತು ಕೂತ್ರಿ, ಹೇಳೋಕೆ?"

ಅವಳು ಹತ್ತಿ ಕೂತಳು. ಪಾದ ಮಣೆಯ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ನಿಂತಿತು.

ಅಷ್ಟರಲ್ಲಿ ಕುಟುಂಬ ಬಂತು. ಅಪ್ಪ, ಅಮ್ಮ, ಅಜ್ಜಿ, ಮಕ್ಕಳು, ಸೋದರಮಾವ, ಹಿಂದೆ ಗಡಗಡ ಉರುಳುವ ಸೂಟ್‌ಕೇಸುಗಳ ಮೆರವಣಿಗೆ. ಅವಳು ಅಭ್ಯಾಸಬಲದಿಂದ ಇಳಿಯಹೊರಟಳು.

"ಕೂತ್ಕೊಳ್ಳಿ" ಎಂದು ಗಿಳಿ ತಾನೇ ಕೆಳಗೆ ಹಾರಿದ. ಮರುಕ್ಷಣ ಅವಳದೇ ದನಿ, ಅವಳದೇ ಗದರಿಕೆ ಹೊರಗಿನಿಂದ ಕೇಳಿಸಿತು. "ಸಂಜೆ ವಾಪಸ್ ಬರೋಕೆ ಇಷ್ಟೊಂದು ಲಗೇಜಾ? ಪಾರ್ಕಿಗೆ ಹೋಗ್ತಿದ್ದೀರೋ, ಮನೆ ಖಾಲಿ ಮಾಡ್ತಿದ್ದೀರೋ? ಮಕ್ಕಳಿಗೆ ಒಂದು ಜೊತೆ ಬಟ್ಟೆ, ಟವೆಲ್, ಸಾಕು. ವಾಂತಿ ಬರೋರು ಮಾತ್ರೆ ಈಗ್ಲೇ ನುಂಗಿ. ಟೋಪಿ ಇರೋದು ಸೀಟಿನ ಕೆಳಗಿಡೋಕಲ್ಲ, ತಲೆ ಮೇಲಿಡೋಕೆ!"

"ಇದ್ಯಾರೇ ಇದು, ಮೀಸೆ ಇರೋ ಮೇಡಮ್ಮು?" ಎಂದರು ಅಜ್ಜಿ.

ಸೂಟ್‌ಕೇಸುಗಳು ಆಫೀಸಿನೊಳಗೆ ಉಳಿದವು. ಅವುಗಳಿಗೆಂದು ಬಿಟ್ಟಿದ್ದ ಹಿಂದಿನ ಸೀಟು ಸೋದರಮಾವನದಾಯಿತು.

ಅವಳು ದಿಂಬಿಗೆ ತಲೆ ಇಟ್ಟಳು. ತನ್ನ ಕೆಲಸವನ್ನು ತನ್ನದೇ ದನಿಯಲ್ಲಿ ಇನ್ನೊಬ್ಬರು ಮಾಡುತ್ತಿರುವಾಗ ಕಣ್ಣು ಮುಚ್ಚುವ ಸುಖ ಅವಳಿಗೆ ಹೊಸದು. ಸಂಜೆ ಅಕ್ಕನಿಗೆ ಫೋನ್ ಮಾಡಬೇಕು. ಬರಲ್ಲ ಅನ್ನಬೇಕೋ, ಇಬ್ಬರು ಬರ್ತೀವಿ ಅನ್ನಬೇಕೋ... ಯೋಚನೆ ಮುಗಿಯುವ ಮೊದಲೇ ನಿದ್ದೆ ಬಂತು.

ಗಿಳಿ ಹತ್ತಿ ಕೂತು, ಹಾರ್ನ್ ಒತ್ತದೆ, ಮೆಲ್ಲಗೆ ಹೊರಟ. ಅಭ್ಯಾಸದಂತೆ ಕನ್ನಡಿ ನೋಡಿದ. ಕಂಬದ ಬಳಿ ಯಾರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಸೋದರಮಾವ ಮಾತ್ರ ನೀರಿನ ಕ್ಯಾನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದಕ್ಕೆ ಕಿಟಕಿಯಾಚೆ ಏನೋ ತೋರಿಸುತ್ತಿದ್ದ.