ಎಂಟನೆಯ ಹೊಗೆ

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ; ನಡೆದದ್ದನ್ನು ಹೇಳುತ್ತೇನೆ. ಹಿಂದೊಂದು ಕಾಲದಲ್ಲಿ ಶತ್ರು ಸೈನ್ಯ ಬಂದಾಗ ನಮ್ಮೂರೆಲ್ಲ ಖಾಲಿಯಾಗಿ, ಹಿಂದೆ ಉಳಿದ ಏಳು ಹೆಂಗಸರು ಏಳು ಮನೆಗಳಲ್ಲಿ ಒಲೆ ಹಚ್ಚಿ, ಊರು ತುಂಬಿದೆಯೆಂದು ನಂಬಿಸಿ ಸೈನ್ಯವನ್ನೇ ಹಿಂದಕ್ಕೆ ಕಳಿಸಿದ್ದರಂತೆ. ಅದನ್ನು ನಾನು ಊರಿನ ಚಿತ್ರಕಲಾ ಸ್ಪರ್ಧೆಗೆಂದು ಚಿತ್ರಿಸುತ್ತಿದ್ದೆ. ಬೆಟ್ಟ, ಬಯಲು, ಏಳು ಸೂರು, ಏಳು ಎಳೆ ಹೊಗೆ.

"ಅತ್ತಿಗೆ, ಮನೆ ಒಲೆ ಆರಿದೆ, ನೀವು ಊರವರ ಒಲೆ ಊದ್ತಾ ಕೂತಿದ್ದೀರಲ್ಲ!" ಎಂದು ನಾದಿನಿ ನಕ್ಕಳು.

ಮರುದಿನ ಬೆಳಿಗ್ಗೆ ಚಿತ್ರದಲ್ಲಿ ಹೊಗೆ ಎಂಟಿತ್ತು. ಬಣ್ಣ ಕೆರೆಯುವ ಚಾಕುವಿನಿಂದ ಎಂಟನೆಯದನ್ನು ಕೆರೆದೆ. ಮತ್ತೆ ಬಂತು. ಮೂರನೆಯ ಸಲ ಕೆರೆಯುವಾಗ ಚಾಕುವಿನ ಅಲಗು ಬೆಚ್ಚಗಾಯಿತು. ಕೋಣೆಯೆಲ್ಲ ಹಸಿ ಸೌದೆಯ ವಾಸನೆ. ಇಪ್ಪತ್ತು ವರ್ಷ ಬೇರೆಯವರ ಮಾತಿಗೆ ನನ್ನದನ್ನು ಅಳಿಸುತ್ತಲೇ ಬಂದವಳು ನಾನು. ಯಾರದೋ ಒಲೆ ಆರಿಸಲು ಮನಸ್ಸಾಗಲಿಲ್ಲ.

ಸ್ಪರ್ಧೆಯ ದಿನ ತೀರ್ಪುಗಾರರಲ್ಲಿದ್ದ ಇತಿಹಾಸದ ಮೇಷ್ಟ್ರು ಬೆರಳು ಮಡಚಿ ಎಣಿಸಿದರು. "ಪುಸ್ತಕದಲ್ಲಿ ಏಳೇ ಇರೋದು ಕಣಮ್ಮಾ. ಒಂದು ಅಳಿಸಿ, ಇಲ್ಲಾಂದ್ರೆ ಚಿತ್ರ ಸ್ಪರ್ಧೆಯಿಂದ ಹೊರಗೆ."

"ಬರೆದವರು ಒಬ್ಬಳನ್ನ ಎಣಿಸೋದು ಮರೆತಿರಬೇಕು ಸಾರ್. ನಾನು ಅಳಿಸಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅವರು ಎಂಟನೆಯ ಹೊಗೆಯನ್ನು ಮುಟ್ಟಿದವರೇ ತಟ್ಟನೆ ಬೆರಳನ್ನು ಬಾಯಿಗಿಟ್ಟುಕೊಂಡರು. ಆಮೇಲೆ ಏಳರ ಮಾತೇ ಎತ್ತಲಿಲ್ಲ.

ಮೊದಲ ಬಹುಮಾನ ನನಗೇ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾದಿನಿ.

ಚಿತ್ರ ಈಗ ನಮ್ಮ ನಡುಮನೆಯ ಗೋಡೆಯಲ್ಲಿದೆ. ವಾರಕ್ಕೊಮ್ಮೆ ಅದರ ಚೌಕಟ್ಟನ್ನು ಒರೆಸುತ್ತೇನೆ. ಎಂಟನೆಯ ಹೊಗೆಯ ನೇರಕ್ಕೆ, ಮೇಲಿನ ಪಟ್ಟಿಯಲ್ಲಿ, ಪ್ರತಿಸಲವೂ ಬೆರಳಗಲ ಹೊಸ ಮಸಿ ಇರುತ್ತದೆ.