ದೆವ್ವಕ್ಕೆ ಹೆದರದವಳು

"ನಿಮಗೆ ಒಂದು ಸಲಾನೂ ಹೆದರಿಕೆ ಆಗಲಿಲ್ವಾ?"

ಮಧ್ಯಾಹ್ನದ ಆಟ ಮುಗಿದು ಥಿಯೇಟರಿನಲ್ಲಿ ಆಗಷ್ಟೇ ದೀಪ ಹತ್ತಿತ್ತು. ಸೀಟುಗಳ ನಡುವಿನ ದಾರಿಗೆ ಅಡ್ಡ ನಿಂತಿದ್ದ ಆ ಮನುಷ್ಯನ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಬಡಿಸಿದ್ದನ್ನು ಮುಟ್ಟದೆ ಎದ್ದವರನ್ನು ವಿಚಾರಿಸುವಂಥ ದನಿ ಅದು.

ಅವಳು ತಲೆಯೆತ್ತಿ ನೋಡಿದಳು. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು, ಕೈಯಲ್ಲೊಂದು ಪುಟ್ಟ ಕ್ಯಾಮೆರಾ. ಅವಳ ಒಂದು ಉತ್ತರಕ್ಕಾಗಿ ಉಸಿರು ಬಿಗಿಹಿಡಿದು ನಿಂತಿದ್ದಾನೆ...

ತನ್ನನ್ನು ಯಾರಾದರೂ ಇಷ್ಟು ಗಮನವಿಟ್ಟು ನೋಡಿ ಎಷ್ಟು ಕಾಲವಾಯಿತು?

"ಯಾರು ನೀವು?"

"ಈ ಪಿಕ್ಚರ್ ಮಾಡಿದವನು."

ಪರದೆಯ ಕೆಳಗೆ ಕತ್ತಲಲ್ಲೂ ಕಾಣುವ ಇನ್ನೊಂದು ಕ್ಯಾಮೆರಾ ಇಟ್ಟಿದ್ದನಂತೆ. ನೋಡುವವರ ಮುಖ ಹೇಗಾಗುತ್ತದೆ ಎಂದು ತಿಳಿಯಲು. ಒಳಗೆ ವಿಡಿಯೋ ತೆಗೆಯುತ್ತಾರೆ ಎಂದು ಬಾಗಿಲಲ್ಲಿ ದೊಡ್ಡ ಬೋರ್ಡೂ ಹಾಕಿದ್ದನಂತೆ. ಅವಳು ಓದಿರಲಿಲ್ಲ. ಇಡೀ ಥಿಯೇಟರು ಹಾರಿಬಿದ್ದಾಗಲೆಲ್ಲ ಅವಳ ಮುಖವೊಂದು ಅಲುಗಲಿಲ್ಲ ಎನ್ನುವುದು ಅವನ ದೂರು.

"ಆ ದೆವ್ವದ ಹಲ್ಲು ನಾನೇ ಮಾಡಿದ್ದು," ಎಂದಳು ಅವಳು. "ನಾನೇ ಪಾಲಿಶ್ ಮಾಡಿದ ಹಲ್ಲಿಗೆ ನಾನೇ ಹೆದರೋದು ಹೇಗೆ?"

ಹೌದು, ಅವಳು ಹಲ್ಲುಸೆಟ್ಟು ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ದೆವ್ವದ ಹಲ್ಲು ಅಲ್ಲಿಂದಲೇ ಹೋದದ್ದು. ಅದಕ್ಕೇ ಲ್ಯಾಬಿನ ಯಜಮಾನರಿಗೆ ಪಾಸು ಬಂದಿತ್ತು, ಅವರಿಂದ ಅವಳಿಗೆ. ಒಬ್ಬಳೇ ಹೋಗುವುದು ಬೇಡವೆಂದು ಅತ್ತೆಯೂ ಹೊರಟು ಬಂದಿದ್ದರು.

ಅವನು ನಕ್ಕ. ಆ ನಗುವಿಗೆ ಅವನ ಮುಖದ ಆಯಾಸವೆಲ್ಲ ಎಲ್ಲೋ ಹೋಯಿತು. ಅವಳು ಬೇರೆ ಕಡೆ ನೋಡಿದಳು.

ಅಷ್ಟರಲ್ಲಿ ಸೀಟಿನ ಕೆಳಗೆ ಬಗ್ಗಿದ್ದ ಅತ್ತೆ ಚಪ್ಪಲಿ ಸಿಕ್ಕಿತೆಂದು ಎದ್ದರು. ದೆವ್ವ ಮೊದಲ ಸಲ ಬಾಯಿ ತೆರೆದಾಗ ಅವರು ಕಾಲು ಮೇಲೆತ್ತಿದ ರಭಸಕ್ಕೆ ಒಂದು ಚಪ್ಪಲಿ ಮುಂದಿನ ಸಾಲಿಗೆ ಹಾರಿತ್ತು. ಪಿಕ್ಚರ್ ತುಂಬ ಚೆನ್ನಾಗಿದೆ, ಪಕ್ಕದವರ ತೋಳು ಹಿಡಿದು ಹಿಡಿದು ಅವರಿಗೆ ಗುರುತೇ ಬಿದ್ದಿದೆ ಎಂದು ಅವನಿಗೆ ಶಹಬಾಸ್ ಹೇಳಿದರು.

"ನಮ್ಮ ಸೊಸೆ ವಿಷಯ ಬಿಡಪ್ಪ. ಇವಳಿಗೆ ಏನೂ ಆಗಲ್ಲ."

ಪ್ರೀತಿಯಿಂದಲೇ ಆಡಿದ ಮಾತು. ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಅದೇ.

ಗಂಡ ತೀರಿಕೊಂಡಾಗ ಅವಳು ಅತ್ತಿರಲಿಲ್ಲ. ಬಂದವರು ಗಟ್ಟಿಗಿತ್ತಿ ಎಂದರು. ಮಾರನೇ ತಿಂಗಳೇ ಕೆಲಸಕ್ಕೆ ಹೋದಳು, ಅತ್ತೆಯ ಮಾತ್ರೆ ತಪ್ಪಿಸಲಿಲ್ಲ, ಯಾರ ಮುಂದೆಯೂ ಕುಗ್ಗಲಿಲ್ಲ. ಆದರೆ ಊಟದ ರುಚಿ, ಹಾಡಿನ ಇಂಪು, ಯಾರದೋ ಮನೆಯ ಮಗುವಿನ ನಗು... ಯಾವುದೂ ಅವಳವರೆಗೆ ಬಂದು ಮುಟ್ಟುತ್ತಿರಲಿಲ್ಲ.

'ನನಗೆ ಏನೂ ಆಗಲ್ಲವಾ? ಇನ್ನು ಮುಂದೆಯೂ ಹೀಗೇನಾ?'

ಆ ಸಿನಿಮಾದ ಕಥೆ ವಿಚಿತ್ರವಾಗಿತ್ತು. ಒಂದು ಬಾಡಿಗೆ ಮನೆ. ಅಲ್ಲಿ ಮೊದಲು ವಾಸವಿದ್ದು ಸತ್ತುಹೋದ ಮುದುಕ ದೆವ್ವವಾಗಿ ಬರುತ್ತಾನೆ. ಯಾರ ಕತ್ತನ್ನೂ ಹಿಸುಕುವುದಿಲ್ಲ. ಸೋರುವ ನಲ್ಲಿ ಬಿಗಿ ಮಾಡುತ್ತಾನೆ, ರಾಶಿ ಬಿದ್ದ ಬಟ್ಟೆ ಮಡಿಸಿಡುತ್ತಾನೆ, ಸುಮ್ಮನೆ ಉರಿಯುವ ದೀಪ ಆರಿಸುತ್ತಾನೆ. ಮನೆಯವರು ಹೆದರಿ ಕಂಗಾಲಾಗುತ್ತಾರೆ. ಕೊನೆಗೆ ಹೊರಟುಹೋಗು ಎಂದು ಕೈಮುಗಿದು ಬೇಡಿದಾಗ, ಅವನು ಹೊಸಿಲು ದಾಟಿ ಬಾಗಿಲು ಎಳೆದುಕೊಂಡು ಹೋಗಿಬಿಡುತ್ತಾನೆ.

ಇಡೀ ಪಿಕ್ಚರ್ ತೆಗೆದದ್ದು ಡೈರೆಕ್ಟರ್‌ನ ಸ್ವಂತ ಮನೆಯಲ್ಲಿ. ದೆವ್ವ ಅವನ ಸೋದರಮಾವ. ಟಿಕೆಟ್ ಕಿಟಕಿಯಲ್ಲಿ ಕೂರುವುದು, ಪ್ರಚಾರ ನೋಡಿಕೊಳ್ಳುವುದು ಎಲ್ಲ ಅವನ ಅಕ್ಕ.

ನೋಡಿದವರು ಎರಡು ಪಂಗಡವಾಗಿದ್ದರು. ಅರ್ಧ ಜನ ಕಿರುಚಿದರು, ಅರ್ಧ ಜನ ನಕ್ಕರು. ಗೇಲಿ ಮಾಡಲೆಂದೇ ಬಂದಿದ್ದ ಕಾಲೇಜಿನವರು ಮಧ್ಯಂತರದ ಹೊತ್ತಿಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಒಬ್ಬರು ಇದು ಸಿನಿಮಾನೇ ಅಲ್ಲ ಎಂದು ಗೇಟಿನವನ ಜೊತೆ ಜಗಳ ತೆಗೆದರು. ಇನ್ನೊಬ್ಬ ಹೆಂಗಸು, ಇಂಥ ದೆವ್ವ ನಮ್ಮನೆಗೆ ಸಿಕ್ಕಿದ್ರೆ ಇರೋ ಗಂಡನ್ನ ಬಿಟ್ಟುಬಿಡ್ತಿದ್ದೆ ಎನ್ನುತ್ತ ಹೊರಬಂದಳು. ಹಿಂದೆಯೇ ಚೀಲ ಹೊತ್ತು ಬರುತ್ತಿದ್ದ ಗಂಡ ಕೇಳಿಸದವನಂತೆ ನಡೆದ.

ಕೆಲವೇ ದಿನಕ್ಕೆ ಡೈರೆಕ್ಟರ್ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಕರವಸ್ತ್ರದಲ್ಲಿ ಸುತ್ತಿದ ದೆವ್ವದ ಹಲ್ಲು. ಸೋದರಮಾವನಿಗೆ ಅದು ತನ್ನ ಸ್ವಂತ ಸೆಟ್ಟಿಗಿಂತ ಚೆನ್ನಾಗಿ ಕೂರುತ್ತದಂತೆ, ಮನೆಯಲ್ಲೂ ಅದನ್ನೇ ಹಾಕಿಕೊಂಡು ಬಿಸ್ಕತ್ತು ಕಡಿದು ಮುರಿದುಕೊಂಡಿದ್ದರು. ಅವಳು ಸರಿಮಾಡಿ ಕೊಟ್ಟಳು.

ಮತ್ತೆ ಬಂದ. ಅವಳು ಹಲ್ಲನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದಕ್ಕೆ ಏನಾಗಿದೆ?"

"ಏನೂ ಆಗಿಲ್ಲ... ಸುಮ್ಮನೆ ತೋರಿಸ್ಕೊಂಡು ಹೋಗೋಣ ಅಂತ."

ಆಮೇಲಾಮೇಲೆ ಹಲ್ಲನ್ನು ತರುವುದನ್ನೂ ಬಿಟ್ಟ. ಅವಳು ಮೇಣದಲ್ಲಿ ಹಲ್ಲು ಜೋಡಿಸುತ್ತಿದ್ದರೆ ಅವನು ಎದುರಿನ ಸ್ಟೂಲಿನ ಮೇಲೆ ಕೂತು, ಮುಂದಿನ ಪಿಕ್ಚರಿಗೆಂದು ಯೋಚಿಸಿದ ಭಯಂಕರ ದೃಶ್ಯಗಳನ್ನೆಲ್ಲ ಕೈಕಾಲು ಆಡಿಸಿ ಹೇಳುತ್ತಿದ್ದ. ಖಾಲಿ ತೊಟ್ಟಿಲು ತೂಗಿತು ಎನ್ನುತ್ತಿದ್ದ. ಗಾಳಿ ಇರಬಹುದು ಎನ್ನುತ್ತಿದ್ದಳು. ಕನ್ನಡಿಯಲ್ಲಿ ಬೇರೆ ಯಾರದೋ ಮುಖ ಕಂಡಿತು ಎನ್ನುತ್ತಿದ್ದ. ಬೆಳಿಗ್ಗೆ ಎದ್ದಾಗ ನನಗೂ ಹಾಗೇ ಅನ್ನಿಸುತ್ತದೆ ಎನ್ನುತ್ತಿದ್ದಳು. ಪಕ್ಕದ ಮೇಜಿನಲ್ಲಿ ಯಜಮಾನರು ಬೆನ್ನು ತಿರುಗಿಸಿಕೊಂಡು ನಗುತ್ತಿದ್ದರು.

ದಿನಾ ಮಧ್ಯಾಹ್ನಕ್ಕೆ ಮುಂಚೆ ಅವಳ ಕಿವಿ ಬೀದಿಯ ಕಡೆ ಹೋಗತೊಡಗಿತು. ಅವನ ಸ್ಕೂಟರಿನ ಕೆಮ್ಮು ಅಷ್ಟು ಸ್ಕೂಟರುಗಳ ನಡುವೆಯೂ ಗೊತ್ತಾಗುತ್ತಿತ್ತು. ಒಂದು ದಿನ ಅವನು ಬರಲಿಲ್ಲ. ಆ ದಿನ ಅವಳು ಎಡಗಡೆಯ ಕೋರೆಹಲ್ಲನ್ನು ಬಲಗಡೆಗೆ ಕೂರಿಸಿದಳು. ಕೆಲಸಕ್ಕೆ ಸೇರಿದ ಮೇಲೆ ಅಂಥ ತಪ್ಪು ಮಾಡಿದ್ದೇ ಇಲ್ಲ.

ಸಂತೋಷವಾಗುವ ಬದಲು ಅವಳಿಗೆ ದಿಗಿಲಾಯಿತು. 'ಅವರು ಬರೋದು ನನಗೋಸ್ಕರ ಅಲ್ಲ... ನಾನು ಯಾವುದಕ್ಕೆ ಹೆದರ್ತೀನಿ ಅಂತ ಕಂಡುಹಿಡಿಯೋಕೆ. ಅದು ಗೊತ್ತಾದ ದಿನ ಬರೋದು ನಿಲ್ಲುತ್ತೆ.'

ಆ ವಾರದ ಕೊನೆಯಲ್ಲೇ ಅದು ನಿಜವಾದಂತೆ ಕಂಡಿತು.

ಫೋನು ಹಿಡಿದು ಅಡುಗೆಮನೆಗೆ ಓಡಿಬಂದವರು ಅತ್ತೆ. ಅವರಿಗೆ ಹೆಮ್ಮೆಯೋ ಹೆಮ್ಮೆ. ಫೋನಿನಲ್ಲಿ ಥಿಯೇಟರಿನ ವಿಡಿಯೋ. ಜನ ಸೀಟಿನಿಂದ ಹಾರುತ್ತಿದ್ದಾರೆ, ಅತ್ತೆಯ ಕಾಲು ಗಾಳಿಯಲ್ಲಿದೆ, ನಡುವೆ ಇವಳು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಾಳೆ. 'ಎಲ್ಲರೂ ಹೆದರಿದರು, ಇವರೊಬ್ಬರನ್ನು ಬಿಟ್ಟು. ನಿಮಗೆ ಧೈರ್ಯ ಇದೆಯಾ?' ಎಂದು ಅದಕ್ಕೊಂದು ತಲೆಬರಹ.

ಊರೆಲ್ಲ ಅದನ್ನು ನೋಡಿತ್ತು. ಯಾರೋ ಕೆಳಗೆ 'ಕಲ್ಲಕ್ಕ' ಎಂದು ಬರೆದಿದ್ದರು, ಆ ಹೆಸರೇ ನಿಂತುಬಿಟ್ಟಿತು. ತರಕಾರಿ ಅಂಗಡಿಯವನು ಕಲ್ಲಕ್ಕನ ಜೊತೆ ಚೌಕಾಸಿ ಮಾಡುವ ಧೈರ್ಯ ತನಗಿಲ್ಲ ಎಂದ. ಹಲ್ಲಿನ ಅಳತೆಗೆ ಬಂದ ಅಜ್ಜ ಅವಳ ಜೊತೆ ಫೋಟೋ ತೆಗೆಸಿಕೊಂಡರು. ಅದಕ್ಕೆಲ್ಲ ಅವಳೂ ನಕ್ಕಳು.

ಆದರೆ ಅತ್ತೆ ಓದದೆ ಬಿಟ್ಟ ಒಂದು ಸಾಲನ್ನು ಅವಳು ಓದಿದ್ದಳು. 'ಇಂಥವರು ಮನೆಯವರು ಸತ್ತರೂ ಅಳೋದಿಲ್ಲ.'

ಮಾರನೇ ದಿನ ಡೈರೆಕ್ಟರ್ ಬಂದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಥಿಯೇಟರು ತುಂಬಿ ಹೊರಗೆ ಜನ ನಿಂತಿದ್ದಾರೆ, ಎಲ್ಲರೂ ಅವಳು ಹೆದರದ ಪಿಕ್ಚರಿಗೆ ತಾವು ಹೆದರುತ್ತೇವೋ ಇಲ್ಲವೋ ಎಂದು ನೋಡಲು ಬರುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದ.

"ವಿಡಿಯೋ ಹಾಕೋದು ನಿಮಗೆ ಗೊತ್ತಿತ್ತಾ?" ಅವಳು ಕೆಲಸದಿಂದ ತಲೆ ಎತ್ತಲಿಲ್ಲ.

"ಅಕ್ಕ ಕೇಳಿದಳು. ಹೂಂ ಅಂದೆ. ಅದರಲ್ಲಿ ನೀವು... ತುಂಬ ಚೆನ್ನಾಗಿ ಕಾಣ್ತಿದ್ರಿ."

ಅವಳು ಫೋನು ತೆಗೆದು ಆ ಸಾಲನ್ನು ಅವನ ಮುಂದೆ ಹಿಡಿದಳು. ಓದಿದವನ ಮುಖ ಬಿಳಿಚಿಕೊಂಡಿತು.

"ನನ್ನ ಗಂಡ ಸತ್ತಾಗ ನಾನು ಅಳಲಿಲ್ಲ. ಇವರು ಸರಿಯಾಗೇ ಬರೆದಿದ್ದಾರೆ. ಆದ್ರೆ ಅದನ್ನ ಊರಿಗೆಲ್ಲ ತೋರಿಸೋಕೇ ಇಷ್ಟು ದಿನ ಬರ್ತಿದ್ರಾ?"

ಅವನ ಬಾಯಿಂದ ಮಾತು ಹೊರಡಲಿಲ್ಲ. ಆ ಮೌನವನ್ನೇ ಅವಳು ಉತ್ತರವೆಂದುಕೊಂಡಳು.

"ಇನ್ನು ಹಲ್ಲು ಮುರಿದ್ರೆ ಕೊರಿಯರ್ ಮಾಡಿ," ಎಂದಳು.

ಬೀದಿಯಲ್ಲಿ ಸ್ಕೂಟರಿನ ಕೆಮ್ಮು ದೂರವಾಯಿತು. ಅವಳ ಕಣ್ಣು ಒಣಗಿಯೇ ಇತ್ತು.

ಮುಂದಿನ ದಿನಗಳಲ್ಲಿ ಅವಳ ಕೈಯಿಂದ ಒಂದು ತಪ್ಪೂ ಆಗಲಿಲ್ಲ. ಯಜಮಾನರು ಮಾತ್ರ, ನೀನು ಎಡಕ್ಕೆ ಬಲ ಮಾಡುತ್ತಿದ್ದಾಗಲೇ ಲ್ಯಾಬು ಚೆನ್ನಾಗಿತ್ತು ಎಂದು ಗೊಣಗಿದರು.

ಒಂದು ಮಧ್ಯಾಹ್ನ ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೊರಟವರು ಸಂಜೆ ಬೇರೆಯೇ ಸುದ್ದಿ ತಂದರು. ಹೋಗಿದ್ದು ಸಿನಿಮಾಗೆ. ಅರ್ಧ ಥಿಯೇಟರು ಖಾಲಿ. ಲ್ಯಾಬಿನಿಂದ ಹೋದ ದಿನವೇ ಡೈರೆಕ್ಟರ್ ವಿಡಿಯೋ ಕಿತ್ತುಹಾಕಿದ್ದಾನೆ. ತುಂಬುತ್ತಿದ್ದ ಥಿಯೇಟರನ್ನು ಕೈಯಾರೆ ಹಾಳುಮಾಡಿಕೊಂಡೆ ಎಂದು ಅಕ್ಕ ಅವನ ಜೊತೆ ಮಾತು ಬಿಟ್ಟು, ಹೇಳುವುದನ್ನೆಲ್ಲ ದೆವ್ವದ ಕೈಲಿ ಹೇಳಿಕಳಿಸುತ್ತಿದ್ದಾಳೆ.

"ಭಾನುವಾರ ಮನೆಗೆ ಬಾ ಅಂದಿದ್ದೀನಿ," ಎಂದರು ಅತ್ತೆ, ಚಪ್ಪಲಿ ಬಿಡುತ್ತ.

"ಯಾಕತ್ತೆ?"

"ಪಿಕ್ಚರಲ್ಲಿ ನಂಗೆ ಒಂದೆರಡು ಡೌಟಿದೆ."

ಭಾನುವಾರ ಅವನು ಬಂದ. ಅತ್ತೆ ಒಂದೂ ಡೌಟು ಕೇಳಲಿಲ್ಲ, ಟೀ ಮಾಡುತ್ತೇನೆಂದು ಒಳಗೆ ಹೋದರು.

ಕ್ಷಮೆ ಕೇಳಿದ. ನಿಮ್ಮನ್ನು ಕೇಳದೆ ಹಾಕಬಾರದಿತ್ತು, ಬೋರ್ಡ್ ಹಾಕಿದ್ದೆ ಅನ್ನೋದು ನೆಪ ಎಂದ. ಅವಳು ಹೂಂ ಎಂದಳು.

"ವಿಡಿಯೋ ತೆಗೆದುಹಾಕಿದ ಮೇಲೆ ಪೂರ್ತಿ ನೋಡಿದೆ," ಎಂದ ಅವನು. "ಅಕ್ಕ ಹಾಕಿದ ತುಂಡಲ್ಲ. ಮೊದಲಿಂದ ಕೊನೇವರೆಗೆ. ನಿಮ್ಮೊಬ್ಬರನ್ನೇ ನೋಡಿದೆ."

"ಕಲ್ಲು ನೋಡಿದ ಹಾಗೆ."

"ಅಲ್ಲ. ಕೊನೆಯಲ್ಲಿ ದೆವ್ವ ಮನೆ ಬಿಟ್ಟು ಹೋಗುತ್ತಲ್ಲ... ಎಲ್ಲರೂ ಪೀಡೆ ತೊಲಗಿತು ಅಂತ ಚಪ್ಪಾಳೆ ತಟ್ಟಿದ್ರು. ಆಗ ನಿಮ್ಮ ಕೈ ಮೇಲೆ ಬಂತು. ಹೀಗೆ... ಯಾರನ್ನೋ ತಡೆಯೋ ಹಾಗೆ."

ಅವಳು ತನ್ನ ಕೈಯನ್ನು ನೋಡಿಕೊಂಡಳು. ಅವಳಿಗೆ ಅದು ನೆನಪೇ ಇರಲಿಲ್ಲ.

"ಹೆದರಿಸೋ ಪಿಕ್ಚರ್ ಮಾಡಿದ್ದೀನಿ ಅಂತ ನಾನೂ ಅಂದ್ಕೊಂಡಿದ್ದೆ. ಅದನ್ನ ಸರಿಯಾಗಿ ನೋಡಿದ್ದು ನೀವೊಬ್ಬರೇ."

ಅವಳು ಯಾರಿಗೂ ಹೇಳದ ಮಾತು ತಾನಾಗಿ ಹೊರಗೆ ಬಂತು.

"ಅವರು ಹೋದ ಮೇಲೆ ಎಷ್ಟೋ ದಿನ ಬಾಗಿಲಿಗೆ ಚಿಲಕ ಹಾಕದೆ ಮಲಗ್ತಿದ್ದೆ... ಬಂದ್ರೂ ಬರಬಹುದು ಅಂತ. ದೆವ್ವ ಆಗಿ ಬಂದ್ರೂ ಆಗ್ತಿತ್ತು. ಬಂದ್ರೆ ಹೆದರೋದೇನಿದೆ? ಬರಲೇ ಇಲ್ಲವಲ್ಲ..."

ಕಣ್ಣೀರು ಬಂದದ್ದು ಅವಳಿಗೆ ಗೊತ್ತಾದದ್ದು ಅದು ಕೈಮೇಲೆ ಬಿದ್ದಾಗ.

ಅಡುಗೆಮನೆಯ ಪಾತ್ರೆ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು.

"ಚಿಲಕ ತೆಗೆದಿಡ್ತಿದ್ದವಳು ನೀನಾ? ಕಳ್ಳರು ಬಂದಾರು ಅಂತ ನಾನು ಎದ್ದೆದ್ದು ಹಾಕ್ತಿದ್ದೆ ಕಣೆ." ಅವರು ಸೊಸೆಯ ಪಕ್ಕಕ್ಕೆ ಬಂದರು. "ನನ್ನ ಹತ್ರಾನೂ ಬರಲಿಲ್ಲ. ಬದುಕಿದ್ದಾಗಲೇ ಹೇಳಿದ ಹೊತ್ತಿಗೆ ಒಂದು ದಿನ ಮನೆಗೆ ಬಂದವನಲ್ಲ, ಇನ್ನು ಸತ್ತ ಮೇಲೆ ಬರ್ತಾನಾ?"

ಅವಳಿಗೆ ನಗು ಬಂತು. ಅಳುವಿನ ನಡುವೆಯೇ, ತಡೆಯಲಾಗದಂಥ ನಗು. ಅತ್ತೆಯೂ ನಕ್ಕರು, ಸೊಸೆಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಅತ್ತರು, ಮತ್ತೆ ನಕ್ಕರು. ಎದುರಿಗೆ ಕೂತಿದ್ದ ಡೈರೆಕ್ಟರ್ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕಾಲುಚೀಲದ ತೂತು ನೋಡುತ್ತಿದ್ದ.

ಮುಖ ಒರೆಸಿಕೊಂಡ ಅತ್ತೆ ಸಕ್ಕರೆ ಮುಗಿದಿದೆ, ಪಕ್ಕದ ಮನೆಯಿಂದ ತರುತ್ತೇನೆ ಎಂದರು. ಡಬ್ಬಿಯ ತುಂಬ ಸಕ್ಕರೆ ಇದ್ದದ್ದು ಅವಳಿಗೆ ಗೊತ್ತಿತ್ತು. ಹೋಗುವಾಗ ಸೊಸೆಯ ಬೆನ್ನನ್ನು ಒಮ್ಮೆ ಮೆಲ್ಲಗೆ ತಟ್ಟಿ ಹೋದರು.

ಮನೆಯಲ್ಲಿ ಇಬ್ಬರೇ ಉಳಿದರು. ಅವನು ಗಡಿಯಾರ ನೋಡಿ ಎದ್ದ. ಸಂಜೆಯ ಆಟಕ್ಕೆ ಹೊತ್ತಾಗಿತ್ತು. ಎದ್ದವನು ಹೊರಡದೆ ನಿಂತ.

"ಇದು ಪಿಕ್ಚರ್‌ಗೋಸ್ಕರ ಅಲ್ಲ, ನನಗೋಸ್ಕರ ಕೇಳ್ತಿದ್ದೀನಿ. ನಾನು ಲ್ಯಾಬಿಗೆ ಬರ್ತಿದ್ದದ್ದು ನಿಮ್ಮನ್ನ ನೋಡೋಕೆ. ಆ ದಿನ ಅದನ್ನ ಹೇಳೋ ಧೈರ್ಯ ಆಗಲಿಲ್ಲ. ಈಗ... ಈಗ ನಿಮಗೆ ಯಾವುದರ ಭಯ?"

ತನ್ನ ಎದೆ ಹೊಡೆದುಕೊಳ್ಳುವುದು ಅವಳಿಗೇ ಕೇಳುತ್ತಿತ್ತು. ಹಾಗೆ ಹೊಡೆದುಕೊಳ್ಳುತ್ತಿದೆ ಎಂಬುದೇ ಅವಳಿಗೆ ಆಶ್ಚರ್ಯ.

"ನೀವು ಈಗ ಹೋಗ್ತೀರಲ್ಲ... ಅದರದು."

ಅವನ ಕಣ್ಣು ತುಂಬಿತು.

"ಆಟ ಮುಗಿದ ತಕ್ಷಣ ಬರಲಾ?"

"ಬನ್ನಿ. ಬರದೇ ಇದ್ರೆ ನನಗೆ ಹೆದರಿಕೆ ಆಗುತ್ತೆ."

ಜನರನ್ನು ಹೆದರಿಸುವುದೇ ಕೆಲಸವಾಗಿದ್ದ ಆ ಮನುಷ್ಯ, ಬಾಗಿಲ ಹತ್ತಿರ ನಿಂತು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲ," ಎಂದ. "ನಿಮ್ಮನ್ನ ಹೆದರಿಸಲ್ಲ."