ಹಂಟರ್ ರೆಕ್ಕೆಯ ಹಲ್ಲು

ಆ ದಿನ ಬೆಳಿಗ್ಗೆ ಚಿಕ್ಕಮಗಳೂರಿನ ಮೇಲೆ ಮಂಜು ಹೇಗೆ ಕೂತಿತ್ತೆಂದರೆ, ಬಿಸಿಲೇರುವ ಹೊತ್ತಾದರೂ ಬಸ್ಸುಗಳು ದೀಪ ಹಾಕಿಕೊಂಡೇ ಬರುತ್ತಿದ್ದವು. ಬಾಬಾಬುಡನ್‌ಗಿರಿ ಇರುವ ದಿಕ್ಕಿನಲ್ಲಿ ಗಿರಿಯೇ ಇರಲಿಲ್ಲ. ಬೀದಿಯಲ್ಲಿ ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಮನುಷ್ಯ ಕಾಣುತ್ತಿದ್ದ.

ಅದಕ್ಕೇ ಇರಬೇಕು, ಗಿರಿಜಾಂಬಾ ಅವನ ಕೈಯನ್ನು ಮೊದಲು ನೋಡಿದಳು. ಮುಖವನ್ನು ಆಮೇಲೆ...

"ಫೋಟೋ ತಂದಿದ್ದೀರಾ? ಕೊಡಿ."

ಕಾರ್ಖಾನೆಯ ಬಾಗಿಲಿನಿಂದ ಬಲಗೈಯೊಂದು ಚಾಚಿಕೊಂಡಿತು. ಅದರಲ್ಲಿ ಕಿರುಬೆರಳೂ ಇರಲಿಲ್ಲ, ಅದರ ಪಕ್ಕದ್ದೂ ಇರಲಿಲ್ಲ.

ಅವಳು ಬೆಚ್ಚಿಬಿದ್ದಳು. ಫೋಟೋ ಕೈಜಾರಿ ಮರದ ಪುಡಿಯ ಮೇಲೆ ಬಿತ್ತು.

"ಹೆದರಬೇಡಿ, ಉಳಿದ ಮೂರು ಕಚ್ಚೋದಿಲ್ಲ," ಅಂದ ಅವನು, ಬಗ್ಗಿ ಎತ್ತಿಕೊಳ್ಳುತ್ತ.

ಅವನೇ ಓಂಕಾರಮೂರ್ತಿ. ಕಾಫಿ ಹಣ್ಣು ಬಿಡಿಸುವ ಪಲ್ಪರ್ ಯಂತ್ರಗಳ ಎರಕಕ್ಕೆ ಮರದ ಅಚ್ಚು ಮಾಡಿಕೊಡುವವನು. ಬೆರಳುಗಳು ಗರಗಸಕ್ಕೆ ಹೋಗಿದ್ದವು. ಗೊತ್ತಾಗಿದ್ದ ಮದುವೆಯೂ ಅದರ ಹಿಂದೆಯೇ ಹೋಗಿತ್ತು.

ಗಿರಿಜಾಂಬಾ ಪ್ರೈಮರಿ ಶಾಲೆಯ ಟೀಚರು. ಅವಳು ತಂದಿದ್ದ ಫೋಟೋದಲ್ಲಿ ಅವಳ ಅಣ್ಣ ಶಿವಶೇಖರ, ವಾಯುಪಡೆಯ ಪೈಲಟ್, ತನ್ನ ಹಂಟರ್ ಯುದ್ಧವಿಮಾನಕ್ಕೆ ಒರಗಿ ನಗುತ್ತಿದ್ದ.

"ಇದೇ ವಿಮಾನ ಬೇಕು. ಮರದಲ್ಲಿ, ಒಂದೂ ಊನ ಇಲ್ಲದ ಹಾಗೆ... ಹರಕೆಗೆ," ಅಂದಳು.

ಸಂಗತಿ ಹೀಗಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ, ರೇಡಿಯೋ ಮುಂದೆ ಕೂತ ತಾಯಿ ಕಲ್ಲಮ್ಮ ಬೆಟ್ಟದ ವೀರಭದ್ರನಿಗೆ ಕೈಮುಗಿದಿದ್ದರು. "ತಂದೇ, ನನ್ನ ಮಗ ಏರಿದ ವಿಮಾನ ಊನವಿಲ್ಲದೆ ಇಳಿಸು. ಊನವಿಲ್ಲದ ವಿಮಾನವನ್ನ ನಿನಗೆ ಒಪ್ಪಿಸ್ತೀನಿ." ಮಕ್ಕಳಾದವರು ಮರದ ತೊಟ್ಟಿಲು ಕಟ್ಟುವ, ದನ ಉಳಿದವರು ಮಣ್ಣಿನ ಬಸವನನ್ನು ಇಡುವ ಗುಡಿ ಅದು.

ಮಗ ಬಂದ. ಹರಕೆಯ ವಿಮಾನ ಮಾತ್ರ ಆಗಲಿಲ್ಲ. ಒಬ್ಬ ಬಡಗಿ ಮಾಡಿದ್ದು ಹದ್ದಿನ ಹಾಗಿತ್ತು, ಇನ್ನೊಬ್ಬ ಮಾಡಿದ್ದು ದೋಣಿಯ ಹಾಗೆ. ಅಷ್ಟರಲ್ಲಿ ಕಲ್ಲಮ್ಮನ ಕಣ್ಣಿಗೆ ಪೊರೆ ಬಂತು. ಹರಕೆ ತೀರದೆ ಮನೆಯಲ್ಲಿ ಮದುವೆಯ ಮಾತೆತ್ತುವಂತಿರಲಿಲ್ಲ. ಅದು ಆ ಮನೆಯ ನಡಾವಳಿ.

"ಶಿವರಾತ್ರಿಗೆ ಆಗುತ್ತಾ?"

ಓಂಕಾರಮೂರ್ತಿ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಆಗುತ್ತೆ ಟೀಚರಮ್ಮ. ಆದರೆ ರೆಕ್ಕೆ ಕೊನೆಗೆ. ವಿಮಾನ ಅಂದ್ರೆ ರೆಕ್ಕೆಯೇ ಅಲ್ವಾ? ಅದಕ್ಕೆ ಅವಸರ ಮಾಡಬಾರದು."

ಆಮೇಲೆ ಶಾಲೆ ಬಿಟ್ಟ ಮೇಲಿನ ಸಂಜೆಗಳೆಲ್ಲ ಆ ಕಾರ್ಖಾನೆಯ ದಾರಿ ಹಿಡಿದವು. ಶಿವನೆ ಮರದ ತುಂಡಿನೊಳಗಿಂದ ವಿಮಾನದ ಮೂತಿ, ಬೆನ್ನು, ಬಾಲ ನಿಧಾನವಾಗಿ ಹೊರಗೆ ಬರುತ್ತಿದ್ದವು. ಅವಳು ಉಪ್ಪುಕಾಗದ ಹಿಡಿದು ತಿಕ್ಕುತ್ತ ಕೂರುತ್ತಿದ್ದಳು.

"ಹಾಗೆ ತಿಕ್ಕಿದ್ರೆ ವಿಮಾನ ಪೆನ್ಸಿಲ್ ಆಗುತ್ತೆ."

"ಪೆನ್ಸಿಲ್ ಆದ್ರೆ ಶಾಲೆಗೆ ತಗೊಂಡು ಹೋಗ್ತೀನಿ ಬಿಡಿ!"

ಅವನು ನಗುತ್ತಿದ್ದುದು ಕಡಿಮೆ. ನಕ್ಕರೆ ಮಾತ್ರ ಅವಳಿಗೆ ಮನೆಯ ದಾರಿ ಚಿಕ್ಕದಾಗುತ್ತಿತ್ತು. 'ಈ ವಿಮಾನ ಮುಗಿಯದೇ ಇದ್ದರೆ...' ಅಂತ ಒಂದು ಸಂಜೆ ಅನ್ನಿಸಿ, ಅವಳೇ ಗಾಬರಿಯಾದಳು. ಶಿವಾ, ಇದೇನು ಯೋಚನೆ! ಅವ್ವನ ಹರಕೆ ಅದು!

ರೆಕ್ಕೆ ಕೂರಿಸುವ ವಾರ ಶಾಲೆಗೆ ಇನ್ಸ್‌ಪೆಕ್ಟರ್ ಬರುವ ಗಡಿಬಿಡಿ. ಅವಳು ಹೋಗಲಾಗಲಿಲ್ಲ. ವಿಮಾನ ಮುಗಿದು, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೇ ಬಂತು.

ಕಲ್ಲಮ್ಮ ಕೈತೊಳೆದು, ವಿಭೂತಿ ಹಚ್ಚಿಕೊಂಡು, ಅದನ್ನು ಮಡಿಲಲ್ಲಿಟ್ಟು ತಡವಿದರು. ಮೂತಿ... ಬೆನ್ನು... ಮುಖ ಅರಳುತ್ತ ಬಂತು. ಬೆರಳು ರೆಕ್ಕೆಯ ಮುಂದಿನ ಅಂಚಿನಲ್ಲಿ ಹರಿಯಿತು. ಅರ್ಧ ದಾಟಿದ ಮೇಲೆ ಒಂದು ಕಡೆ ಥಟ್ಟನೆ ನಿಂತಿತು.

"ಗಿರಿಜಾ... ಇಲ್ಲಿ ಚಕ್ಕೆ ಎದ್ದಿದೆಯಲ್ಲೇ?"

ಗಿರಿಜಾಂಬಾ ನೋಡಿದಳು. ಹೌದು! ನುಣುಪಾಗಿ ಹಿಂದಕ್ಕೆ ವಾಲಿಕೊಂಡು ಹೋಗುವ ಅಂಚು ಅಲ್ಲಿ ಮೆಟ್ಟಿಲಿನ ಹಾಗೆ ತುಂಡಾಗಿ, ಅಲ್ಲಿಂದ ತುದಿಯವರೆಗೆ ಚೂರು ಮುಂದಕ್ಕೆ ಚಾಚಿತ್ತು. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ.

ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಗಿಡ್ಡಪ್ಪ ಮಾವ ಅಲ್ಲಿಂದಲೇ ಕೂಗಿದರು. "ಒಂದು ಕಡೆ ಮುರಿದಿರಬೇಕು. ಸರಿಕಾಣಲಿ ಅಂತ ಇನ್ನೊಂದು ಕಡೆನೂ ಕಚ್ಚು ಹಾಕಿಟ್ಟಿದ್ದಾನೆ! ಬೆರಳಿಲ್ಲದವನ ಕೈಗೆ ದೇವರ ಕೆಲಸ ಕೊಟ್ಟರೆ ಇನ್ನೆಂತ ಆಗುತ್ತೆ?"

ಕಲ್ಲಮ್ಮನ ಪೊರೆ ಬಂದ ಕಣ್ಣುಗಳಿಂದ ನೀರಿಳಿಯಿತು. ಆ ನೀರು ಕಂಡದ್ದೇ ಗಿರಿಜಾಂಬಾಳ ತಲೆ ಬಿಸಿಯಾಯಿತು. ವಿಮಾನ ಎತ್ತಿಕೊಂಡು ಹೊರಟಳು.

ಕಾರ್ಖಾನೆಯಲ್ಲಿ ಗಿರಾಕಿಗಳಿದ್ದರು. ಅವಳು ನೋಡಲಿಲ್ಲ.

"ಇದೇನು ಮೂರ್ತಿಯವ್ರೇ?"

"ಫೋಟೋದಲ್ಲಿ ಹಾಗೇ ಇದೆ," ಅಂದ ಅವನು. "ನೋಡಿ, ಇಲ್ಲಿ..."

"ಅದು ಫೋಟೋ ಮಡಚಿದ ಗೆರೆ! ವಿಮಾನಕ್ಕೆ ಯಾರಾದರೂ ಹರಿದ ರೆಕ್ಕೆ ಇಡ್ತಾರಾ? ಊನ ಇರಬಾರದು ಅಂತ ಹೇಳಿದ್ದೆ ನಾನು... ಊನ ಇರೋ ಕೈಗೆ ಕೊಟ್ಟಿದ್ದೇ ನನ್ನ ತಪ್ಪು!"

ಮಾತು ಬಾಯಿ ದಾಟಿತು. ಗಿರಾಕಿಗಳು ನೆಲ ನೋಡಿದರು.

ಓಂಕಾರಮೂರ್ತಿ ವಿಮಾನವನ್ನು ಮೇಜಿಗೆ ಒತ್ತಿ ಹಿಡಿದ. ಕೀಸುಳಿ ತೆಗೆದುಕೊಂಡು, ಮುಂದಕ್ಕೆ ಚಾಚಿದ್ದ ಅಂಚನ್ನು ಎರಡೂ ಕಡೆ ಹೆರೆದ. ತೆಳ್ಳಗಿನ ಸಿಪ್ಪೆಗಳು ಸುರುಳಿ ಸುತ್ತಿ ಅವಳ ಕಾಲ ಬಳಿ ಬಿದ್ದವು. ರೆಕ್ಕೆ ನೂಲು ಹಿಡಿದ ಹಾಗೆ ನೆಟ್ಟಗಾಯಿತು.

"ತಗೊಳ್ಳಿ. ಈಗ ಊನ ಇಲ್ಲ," ಅಂದ. ಈ ಸಲ 'ಟೀಚರಮ್ಮ' ಅಂತ ಕರೆಯಲಿಲ್ಲ.

ಮನೆಯಲ್ಲಿ ಅವ್ವನಿಗೆ ಸಮಾಧಾನವಾಯಿತು. ಗಿಡ್ಡಪ್ಪ ಮಾವ ಎರಡನೇ ಸಲ ಎಲೆಯಡಿಕೆ ಹಾಕಿಕೊಂಡರು. ಗಿರಿಜಾಂಬಾಳಿಗೆ ಮಾತ್ರ ಊಟ ಸೇರಲಿಲ್ಲ. ಲಿಂಗಪೂಜೆಗೆ ಕೂತರೆ ಅಂಗೈಯ ಲಿಂಗದ ಬದಲು ಆ ಮೂರು ಬೆರಳೇ ಕಣ್ಣಮುಂದೆ ಬರುತ್ತಿದ್ದವು. 'ಅವನು ಒಂದು ಮಾತಾದರೂ ತಿರುಗಿ ಬೈಯಬಾರದಿತ್ತೇ...'

ಶಿವರಾತ್ರಿಗೆ ರಜೆ ಹಾಕಿ ಶಿವಶೇಖರ ಊರಿಗೆ ಬಂದ. ಬಂದವನೇ ದೇವರ ಮನೆಗೆ ಹೋಗಿ ವಿಮಾನ ನೋಡಿದ. ನೋಡಿ ಜೋರಾಗಿ ನಕ್ಕ.

"ಎಂತ ಮಾರಾಯ್ತಿ, ನನ್ನ ಹಂಟರ್‌ನ ಹಲ್ಲು ಕಿತ್ತದ್ದು ಯಾರು?"

"ಹಲ್ಲಾ?"

"ರೆಕ್ಕೆ ಅಂಚಲ್ಲಿ ಇರುತ್ತಲ್ಲ, ಮೆಟ್ಟಿಲಿನ ಹಾಗೆ. ಉಳಿದದ್ದೆಲ್ಲ ಎಷ್ಟು ಚೆನ್ನಾಗಿ ಮಾಡಿದ್ದಾನೆ! ಇದೊಂದು ಬಿಟ್ಟುಬಿಟ್ಟ."

"ಅದು... ಊನ ಅಲ್ವಾ ಅಣ್ಣ?"

"ಊನವೇ? ಪೂರಾ ವೇಗದಲ್ಲಿ ಜೋರಾಗಿ ತಿರುಗಿಸಿದಾಗ ಗಾಳಿ ರೆಕ್ಕೆ ತುದಿ ಕಡೆ ಜಾರಿ ಹೋಗುತ್ತೆ. ಆಗ ಮೂತಿ ಹೇಳಿದ ಮಾತು ಕೇಳದೆ ತಾನಾಗೇ ಮೇಲಕ್ಕೆದ್ದು ಬಿಡುತ್ತೆ. ಆ ಹಲ್ಲು ಗಾಳಿಯನ್ನ ಅಲ್ಲೇ ತಡೆದು ನಿಲ್ಲಿಸುತ್ತೆ. ಯುದ್ಧದಲ್ಲಿ ಎಷ್ಟು ಸಲ ಹಾಗೆ ತಿರುಗಿಸಿದ್ದೀನೋ..." ಅವನ ನಗು ಸಣ್ಣಗಾಯಿತು. "ಅದಿಲ್ಲದೆ ಇದ್ದಿದ್ರೆ ನಾನು ಇಲ್ಲಿ ನಿಂತು ನಿನ್ನ ಹತ್ತಿರ ಮಾತಾಡ್ತಾ ಇರ್ತಿರಲಿಲ್ಲ, ಗಿರಿಜಾ."

ಒಳಗಿನಿಂದ ಕಲ್ಲಮ್ಮ ಕೇಳಿಸಿಕೊಂಡರು.

"ತಗೊಂಡು ಹೋಗು ಮಗಳೇ," ಅಂದರು. "ಕೆಡಿಸಿದವರು ನಾವು."

ನಡು ಮಧ್ಯಾಹ್ನದ ಬಿಸಿಲು. ಕಾರ್ಖಾನೆಯಲ್ಲಿ ಓಂಕಾರಮೂರ್ತಿ ಒಬ್ಬನೇ ಇದ್ದ.

"ಅಣ್ಣ ಬಂದಿದ್ದಾನೆ," ಅಂದಳು ಬಾಗಿಲಲ್ಲೇ ನಿಂತು. "ಹಲ್ಲು ಯಾರು ಕಿತ್ತದ್ದು ಅಂದ... ನೀವು ಮಾಡಿದ್ದೇ ಸರಿ. ಗೊತ್ತಿದ್ದೂ ಯಾಕೆ ಹೆರೆದಿರಿ?"

"ನನಗೆಲ್ಲಿ ಗೊತ್ತಿತ್ತು?" ಅವನ ದನಿ ಮೆತ್ತಗಿತ್ತು. "ಫೋಟೋದಲ್ಲಿ ಕಂಡಿತು, ಮಾಡಿದೆ. ಅದು ಯಾಕಿದೆ ಅಂತ ನನಗೂ ತಿಳೀದು. ನೀವು ಊನ ಅಂದಾಗ... ಇದ್ದರೂ ಇರಬಹುದು ಅನ್ನಿಸಿಬಿಡ್ತು. ಬೇರೆ ಯಾರೇ ಅಂದಿದ್ರೂ ಜಗಳ ಆಡ್ತಿದ್ದೆ. ನೀವು ಅಂದ್ರಲ್ಲ, ನಂಬಿದೆ."

ಅವಳಿಗೆ ತಡೆಯಲಾಗಲಿಲ್ಲ. ಕಣ್ಣೀರು ಹರಿಯಿತು.

"ರೆಕ್ಕೆಗೆ ಇನ್ನೊಂದು ಚೂರು ಮರ ಅಂಟಿಸಬಹುದು. ನಾನು ನಿಮ್ಮ ಕೈಗೆ ಅಂದ ಮಾತಿಗೆ ಏನನ್ನ ಅಂಟಿಸಲಿ, ಮೂರ್ತಿಯವ್ರೇ? ನಾಲ್ಕು ಜನರ ಮುಂದೆ ಅಂದೆ. ಅದೇ ನಾಲ್ಕು ಜನರ ಮುಂದೆ ತಪ್ಪಾಯ್ತು ಅಂತೀನಿ. ಯಾವತ್ತು ಬರಲಿ ಹೇಳಿ."

ಅವನು ಒಲೆಯ ಮೇಲೆ ಗೋಂದು ಬಿಸಿಗಿಟ್ಟ. ಶಿವನೆ ಮರದ ಎರಡು ಸಣ್ಣ ಪಟ್ಟಿ ಸೀಳಿದ, ಅಂಚಿಗೆ ಕೂರಿಸಿ ನೋಡಿದ. ಪಟ್ಟಿ ಬೆರಳಿಲ್ಲದ ಕಡೆಯಿಂದ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು.

"ಇಲ್ಲಿ ಸ್ವಲ್ಪ ಹಿಡ್ಕೊಳ್ತೀರಾ?" ಅಂದ, ತಲೆ ಎತ್ತದೆ. "ಇಷ್ಟು ಸಣ್ಣದು ನನ್ನ ಕೈಲಿ ನಿಲ್ಲೋದಿಲ್ಲ."

ಯಾರ ಮುಂದೆಯೂ ಅವನು ಆಡದ ಮಾತು ಅದು. ಅವಳು ಹತ್ತಿರ ಬಂದು ಹಿಡಿದಳು.

"ಎಷ್ಟು ಹೊತ್ತು?"

"ಗೋಂದು ಕಚ್ಚೋ ತನಕ."

"ಆಮೇಲೂ... ಹಿಡ್ಕೊಂಡೇ ಇದ್ರೆ?"

ಓಂಕಾರಮೂರ್ತಿಯ ಕೈ ಅಲ್ಲೇ ನಿಂತಿತು. ಅವನು ಅವಳನ್ನು ನೋಡಿದ. ಅವಳು ಆ ಕೈಯನ್ನು ನೋಡುತ್ತಿದ್ದಳು. ಈ ಸಲ ಬೆಚ್ಚಲಿಲ್ಲ.

"ಆಮೇಲೂ ಅಂದ್ರೆ... ನಿಮ್ಮ ಅವ್ವನ್ನ ಕೇಳಬೇಕಾಗುತ್ತೆ, ಗಿರಿಜಾ."

"ಕೇಳಿ," ಅಂದಳು. "ಮಾವ ಜಗುಲಿ ಮೇಲೆ ಇದ್ದಾಗಲೇ ಬಂದು ಕೇಳಿ."

ಅವನು ನಕ್ಕ. ಅವಳೂ ಅಳುತ್ತಲೇ ನಕ್ಕಳು.

ಶಿವರಾತ್ರಿಯ ದಿನ ಎಲ್ಲರೂ ಬೆಟ್ಟ ಹತ್ತಿದರು. ಶಿವಶೇಖರ ತಾಯಿಯ ತೋಳು ಹಿಡಿದಿದ್ದ. ಹಿಂದಿನ ದಿನವಷ್ಟೇ ಓಂಕಾರಮೂರ್ತಿ ಮನೆಗೆ ಬಂದು ಕೇಳಿದ್ದ. 'ಮೊದಲು ಸ್ವಾಮಿ ಹರಕೆ ತೀರಲಿ' ಅಂದಿದ್ದರು ಕಲ್ಲಮ್ಮ. ಅವರ ದನಿಯಲ್ಲಿ ಬೇಡ ಅನ್ನುವುದಿರಲಿಲ್ಲ. ಗಿಡ್ಡಪ್ಪ ಮಾವ ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ, ಮಾತಿಲ್ಲದೆ ಹತ್ತುತ್ತಿದ್ದರು.

ಗುಡಿಯಲ್ಲಿ ಕಲ್ಲಮ್ಮ ವಿಮಾನವನ್ನು ಇನ್ನೊಮ್ಮೆ ತಡವಿದರು. ಬೆರಳು ರೆಕ್ಕೆಯ ಹಲ್ಲಿನ ಮೇಲೆ ನಿಂತಿತು. "ಇದೆ," ಅಂದರು ತಮ್ಮಷ್ಟಕ್ಕೆ. ಮಗನ ಕೆನ್ನೆ ಸವರಿದ ಹಾಗೆ ಅದನ್ನು ಸವರಿದರು. ಆಮೇಲೆ ಓಂಕಾರಮೂರ್ತಿಯ ಕಡೆ ಚಾಚಿದರು.

"ನೀನೇ ಒಪ್ಪಿಸಪ್ಪ."

ಅವನು ಅಳುಕಿದ. ಬಲಗೈ ಹೆಗಲ ವಲ್ಲಿಯ ಅಡಿಯಲ್ಲಿ ಸೇರಿಕೊಂಡಿತ್ತು. ಎಡಗೈಲಿ ದೇವರಿಗೆ ಕೊಡುವಂತಿಲ್ಲ. ಅರ್ಚಕರು ಕಾಯುತ್ತಿದ್ದರು.

ಗಿರಿಜಾಂಬಾ ಪಕ್ಕಕ್ಕೆ ಬಂದು ನಿಂತಳು. ವಲ್ಲಿಯನ್ನು ಮೆಲ್ಲಗೆ ಸರಿಸಿದಳು. ಆ ಬಲಗೈಯ ಕೆಳಗೆ ತನ್ನ ಅಂಗೈ ಇಟ್ಟಳು.

"ಜಾರಿದ್ರೆ?" ಅಂದ ಅವನು, ಅವಳಿಗಷ್ಟೇ ಕೇಳುವ ಹಾಗೆ.

"ಜಾರೋದಿಲ್ಲ. ಕೆಳಗೆ ನಾನಿದ್ದೀನಿ."

ಇಬ್ಬರ ಕೈಯಿಂದ ವಿಮಾನ ಅರ್ಚಕರ ಕೈಗೆ ಹೋಯಿತು. ತೊಟ್ಟಿಲುಗಳ ನಡುವೆ, ಮಣ್ಣಿನ ಬಸವಗಳ ಪಕ್ಕ, ಅವರು ಅದನ್ನು ಸದ್ದಿಲ್ಲದೆ ಇಳಿಸಿದರು.